ಗಡುವು ಮೀರಿದ ಗುರಿ

ಎರಡು ವಾರದ ರಜೆ ಮುಗಿಸಿ ಅವತ್ತೇ ಆಫೀಸಿಗೆ ಬಂದಿದ್ದ ಮ್ಯಾನೇಜರ್, ಅವಳನ್ನು ಕ್ಯಾಬಿನ್ನಿಗೆ ಕರೆದು ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದರು.

“ಇಡೀ ಟೀಮಿನಲ್ಲಿ ಗಡುವು ಮೀರಿ ಕೆಂಪಾಗಿರೋದು ನಿಮ್ಮದೊಂದೇ ಗುರಿ. ಎಚ್‌ಆರ್‌ನವರು ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂತಿದ್ದಾರೆ.”

ಕೆಲಸದ ಗುರಿಗಳ ಜೊತೆ ಸ್ವಂತದ್ದೂ ಒಂದಿರಲಿ ಎಂದು ಕಂಪನಿಯೇ ಎಲ್ಲರಿಂದಲೂ ಬರೆಸಿಕೊಂಡಿತ್ತು. ಅವಳು ಬರೆದಿದ್ದಳು: ‘ಅಮ್ಮನಿಗೆ ಸಮುದ್ರ ತೋರಿಸುವುದು.’

“ರಜೆ ಕೊಡೋಕಾಗಲ್ಲ ಅಂತ ಪ್ರತಿ ಸಲ ತಾರೀಕು ಮುಂದಕ್ಕೆ ಹಾಕಿದ್ದು ನೀವೇ ಸರ್.”

“ಹಳೇದೆಲ್ಲ ಬಿಡಿ. ಈ ವಾರವೇ ರಜೆ ಕೊಡ್ತೀನಿ, ಹೋಗಿ ಬನ್ನಿ.”

“ಹೋಗಿ ಬಂದೆ ಸರ್, ನೀವು ಇಲ್ಲದಾಗ. ಅಮ್ಮನ್ನ ಕರ್ಕೊಂಡೇ ಹೋಗಿದ್ದೆ.”

“ಅಯ್ಯೋ, ಮೊದಲೇ ಹೇಳಬಾರದಾ!” ಅವರು ‘ಪೂರ್ಣಗೊಂಡಿದೆ’ ಎಂದಿದ್ದಲ್ಲಿ ಒತ್ತಿದರು. ಕೆಂಪು ಗೆರೆ ಹಸಿರಾಯಿತು. ಪರದೆಯ ತುಂಬ ಬಣ್ಣಬಣ್ಣದ ಬಲೂನುಗಳು ಹಾರಿದವು. “ಸಮುದ್ರ ನೋಡಿ ಅಮ್ಮ ಏನಂದ್ರು?”

ಬಲೂನುಗಳು ಮರೆಯಾಗುವವರೆಗೂ ಅವಳು ಪರದೆಯನ್ನೇ ನೋಡಿದಳು.

“ಏನೂ ಅನ್ನಲಿಲ್ಲ ಸರ್. ಅಸ್ಥಿ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದ್ರು. ನೀರಿಗೆ ಬಿಡೋವಾಗಲೇ ಬಿಚ್ಚಿದ್ದು.”