ಸಾಹೇಬರ ಫರಸಿ

ಅಮಿತಕುಮಾರ ತನ್ನ ಸಾಹೇಬರ ಧ್ವನಿ ಅಣಕಿಸಿ ಕೆಮ್ಮಿದ್ದೇ ತಡ, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬೀದರ ನಗರಸಭೆಯ ಆ ವಲಯ ಕಚೇರಿಯಲ್ಲಿ ಅಂದು ಇತಿಹಾಸೋತ್ಸವ. ನಿಜಾಮರ ಕಾಲದಿಂದ ಇಲ್ಲಿಯವರೆಗೆ ಖುರ್ಚಿ ಬಿಸಿ ಮಾಡಿದ ಸಾಹೇಬರ ಹೆಸರು ಕೊರೆದ ಹೊಸ ಗ್ರಾನೈಟ್ ಕಲ್ಲು ಬೆಳಿಗ್ಗೆ ಗೋಡೆ ಏರಿತ್ತು. ಅಲ್ಲಿದ್ದ ಹಳೆಯ ಹೆಸರಿನ ಕಲ್ಲು, ಶಹಾಬಾದ್ ಫರಸಿಯ ದಪ್ಪ ಚಪ್ಪಡಿ, ಹಿತ್ತಲಿಗೆ ಇಳಿದಿತ್ತು. ಈಗಿನ ಸಾಹೇಬರು ಪರದೆ ಸರಿಸಿ, ಫೋಟೋ ತೆಗೆಸಿಕೊಂಡು ಬೆಂಗಳೂರಿನ ಮೀಟಿಂಗಿಗೆ ಹೋದದ್ದರಿಂದಲೇ ಗುಮಾಸ್ತ ಅಮಿತಕುಮಾರನ ಗಂಟಲು ತೆರೆದದ್ದು.

ಅವನ ಅಣಕದಲ್ಲಿ ನಿಜಾಮಶಾಹಿಯ ಸಾಹೇಬ ಪಾನ್ ತುಂಬಿದ ಬಾಯಲ್ಲಿ "ದೇಖೇಂಗೇ ಮಿಯಾ" ಎಂದ. ಏಕೀಕರಣದ ಮೇಲೆ ಮೈಸೂರು ಕಡೆಯಿಂದ ಬಂದವರು ಮೂಗಿಗೆ ಕರವಸ್ತ್ರ ಹಿಡಿದು "ಪರಿಶೀಲಿಸೋಣ ಕಣ್ರೀ" ಎಂದರು. ಈಗಿನವರು ಎರಡು ಮೊಬೈಲುಗಳ ನಡುವೆ ಕತ್ತು ಸಿಕ್ಕಿಸಿಕೊಂಡು "ಪಾಸಿಟಿವ್ ಆಗಿ ನೋಡೋಣ" ಎಂದರು. ಭಾಷೆ ಬದಲಾಯಿತು, ಟೋಪಿ ಹೋಗಿ ಟೈ ಬಂತು. ನೋಡುವುದು ಮಾತ್ರ ಇನ್ನೂ ಮುಗಿದಿರಲಿಲ್ಲ.

ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಗುತ್ತಿದ್ದವಳು ಹಿಂದಿನ ಗಲ್ಲಿಯ ಗುರಮ್ಮ. ಕಂಕುಳಲ್ಲಿ ಮೊಮ್ಮಗಳು. ಅವಳ ಹೊಸ್ತಿಲೆದುರೇ ಗಟಾರದ ಮುಚ್ಚಳ ಒಡೆದು ಬಾಯಿ ಬಿಟ್ಟಿತ್ತು. ಯಾರೋ ಪುಣ್ಯಾತ್ಮರು ಅದರಲ್ಲಿ ಬೇವಿನ ಟೊಂಗೆ ಸಿಕ್ಕಿಸಿ ತಮ್ಮ ಕರ್ತವ್ಯ ಮುಗಿಸಿದ್ದರು. ದೂರು ಹೊತ್ತು ಬಂದಾಗಲೆಲ್ಲ ಇಂಜಿನಿಯರ್ ಓಂಪ್ರಕಾಶ, ಸಾಹೇಬರ ಬಾಯಿಂದ ಒಂದು ಮಾತು ಬರಲಿ ಎನ್ನುತ್ತಿದ್ದ. ಸಾಹೇಬರ ಬಾಯಿ ಇವತ್ತು ಅವಳ ಕಣ್ಣೆದುರೇ ಕುಣಿಯುತ್ತಿತ್ತು. ಸಭೆ ಮುಗಿದೊಡನೆ ಅಮಿತಕುಮಾರನನ್ನು ಅಡ್ಡಗಟ್ಟಿದಳು.

"ತಮ್ಮಾ, ಕೂಸು ನಡೀಲಾಕ ಕಲ್ತದ. ಎಮ್ಮಿ ಕರುವಿನಂಗ ದಿನಾ ಮಂಚದ ಕಾಲಿಗಿ ಕಟ್ಟಿ ಹಾಕ್ತೇನಿ. ಸಾಹೇಬ್ರ ಬಾಯಿ ನಿನ್ನ ಬಲ್ಲಿ ಅದಲ್ಲ, ಅದೇ ಬಾಯಿಲೆ ಇಂಜಿನಿಯರಗ ಒಂದ್ ಮಾತ ಹೇಳಿಬಿಡು."

ನೌಕರಿಗೆ ಕುತ್ತು ಬರುವ ಆಟ. ಆದರೆ ಚಪ್ಪಾಳೆಯ ಅಮಲು ಇನ್ನೂ ಇಳಿದಿರಲಿಲ್ಲ, ಕೂಸು ಬೇರೆ ಅವನ ಮೂಗು ಹಿಡಿದು ಜಗ್ಗುತ್ತಿತ್ತು. ಅಮಿತಕುಮಾರ ಸಾಹೇಬರ ಖಾಲಿ ಕೋಣೆಗೆ ನುಗ್ಗಿ ಮೇಜಿನ ಫೋನೆತ್ತಿದ. "ನೋಡಿ ಓಂಪ್ರಕಾಶ್, ಹಿಂದಿನ ಗಲ್ಲಿಯ ಗಟಾರಕ್ಕೆ ಇವತ್ತು ಸಂಜೆಯೊಳಗೆ ಮುಚ್ಚಳ ಹಾಕಿಸಿ. ಹಾಕಿಸಿದ ಮೇಲೆ ನನಗೆ ತಿಳಿಸಿ." ಕೆಮ್ಮು, ಬಿಗುವು, ಮೂಗಿನ ಸುಂಯ್ ಸದ್ದು, ಎಲ್ಲ ಹದವಾಗಿ ಬಿದ್ದಿತ್ತು.

ಭಾಲ್ಕಿಯ ರೈಲು ಹತ್ತಿ ಕೂತಿದ್ದ ಓಂಪ್ರಕಾಶ ಆ ಕಡೆಯಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಕ.

"ಅಮಿತ್ಯಾ, ಫೋನ್ ಇಡೋ. ಧ್ವನಿ ಖರೇನೇ ಸಾಹೇಬ್ರದ್ದೇ ಅದ. ಆದ್ರ ಜಾಗಾನೂ ಹೇಳಿ, ಹೊತ್ತೂ ಹೇಳಿ, ಯಾವ ಸಾಹೇಬ್ರು ಕೆಲಸ ಹಚ್ಯಾರೋ?"

ವರ್ಷಗಟ್ಟಲೆ ಸಾಹೇಬರನ್ನು ಗಂಟಲಿಗಿಳಿಸಿಕೊಂಡವನು ಎಡವಿದ್ದು ಅಲ್ಲೇ. ಗುರಮ್ಮ ಅವನ ಮುಖ ನೋಡಿಯೇ ಸಂಗತಿ ತಿಳಿದುಕೊಂಡಳು. ಹಿತ್ತಲ ಬಾಗಿಲಿನಿಂದ ಹೊರಟವಳು ಗೋಡೆಗೊರಗಿದ್ದ ಫರಸಿಯ ಮುಂದೆ ನಿಂತಳು. ಮೊಳ ಹಾಕಿ ಅಳೆದಳು. ಇದು ಯಾರದೆಂದು ಕೇಳಿದ್ದಕ್ಕೆ ಅಮಿತಕುಮಾರ, ಹಳೇ ಸಾಹೇಬರದು, ಈಗಿನವರ ಹೆಸರಿಗೆ ಜಾಗ ಉಳಿದಿರಲಿಲ್ಲವೆಂದು ಕಿತ್ತಿದ್ದಾರೆ ಎಂದ. ಮುಂದಿನದನ್ನು ಅವಳು ಬಾಯಿಬಿಟ್ಟು ಕೇಳಬೇಕಾಗಲಿಲ್ಲ. ಆ ಕಚೇರಿಯ ಚರಿತ್ರೆಯಲ್ಲೇ ಮೊದಲ ಸಲ ಯಾರೂ "ನೋಡೋಣ" ಅನ್ನಲಿಲ್ಲ. ಅಮಿತಕುಮಾರ ಬೀದಿಗೆ ಹೋಗಿ ಖಾಜಾ ಮಿಯಾನ ಕೈಗಾಡಿ ಕರೆತಂದ.

ಗಟಾರದ ಬೇವಿನ ಟೊಂಗೆ ಕಿತ್ತು ಅದರ ಬಾಯಿಗೆ ಕಲ್ಲು ಇಳಿಸುವಾಗ ಖಾಜಾ ಮಿಯಾ ಅನುಮಾನಿಸಿದ. ದೊಡ್ಡವರ ಹೆಸರು, ಮೇಲೆ ಮಾಡಿಡಲೋ ಕೆಳಗೋ?

"ಮ್ಯಾಲೇ ಇಡೋ ಭಾಯಿ," ಎಂದಳು ಗುರಮ್ಮ. "ಕೊರೆದ ಅಕ್ಷರ ಅದಾವ. ಕೂಸಿನ ಕಾಲು ಜಾರಂಗಿಲ್ಲ."

ಕೂಸು ಫರಸಿಯ ತಲೆಯಲ್ಲಿದ್ದ ಉರ್ದು ಅಕ್ಷರದ ನಿಜಾಮಶಾಹಿಯಿಂದ ಹೊರಟಿತು. ಏಕೀಕರಣದ ಮೇಲೆ ಒಮ್ಮೆ ದೊಪ್ಪನೆ ಕೂತಿತು. ಎದ್ದು, ನಾಲ್ಕಾರು ಸಾಹೇಬರನ್ನು ತುಳಿದು ಆಚೆ ದಡ ಮುಟ್ಟಿ ಕೇಕೆ ಹಾಕಿತು. ಗುರಮ್ಮ ಮಂಚದ ಕಾಲಿನ ಹಳೆ ಸೀರೆ ಬಿಚ್ಚಿಕೊಂಡು ಬಂದು ಮಡಚುತ್ತ, ಗೋಡೆಯ ಹೊಸ ಕಲ್ಲಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕೇಳಿದಳು.

"ಎಲ್ಲಿ ಜಾಗಾ, ಆಯಿ? ನಮ್ಮ ಸಾಹೇಬ್ರು ತಮ್ಮ ಹೆಸ್ರು ದೊಡ್ಡದಾಗಿ ಕೊರೆಸಿ ತಳದ ತನಕಾ ತುಂಬಿಸ್ಯಾರ."

"ಅಂದ್ರ ಮುಂದಿನವ್ರು ಬಂದ್ರ ಅದ್ನೂ ಕೀಳ್ತಾರ?"

"ಕೀಳಲೇಬೇಕಲ್ರಿ."

"ಲಗೂ ಬರ್ಲಿ, ತಮ್ಮಾ. ಬಾಜೂ ಗಲ್ಲಿಯಾಗ ಒಂದು ಮುಚ್ಚಳ ಬೇಕಾಗ್ಯದ."