ನಾಲ್ಕರಿಂದ ನಾಲ್ಕೂವರೆ

ಮೇ ತಿಂಗಳ ಇಳಿಬಿಸಿಲಿಗೆ ನೀಲಾಂಬಿಕಾಳ ಹಜಾರ ಕಾದ ಹಂಚಿನಂತಾಗುತ್ತಿತ್ತು. ಈ ಸಲ ಕಿಟಕಿಯ ಹೊರಗೆ, ಮೇಲಿಂದ ಇಳಿಬಿಡುವ ರೋಲರ್ ಪರದೆ ಹಾಕಿಸಿದ ಮೇಲೆ ಮನೆ ತಣ್ಣಗಾಯಿತು. ಮೂರನೆಯ ದಿನ ಎದುರುಮನೆಯ ಮುದುಕ ಬಾಗಿಲಿಗೆ ಬಂದ. ಗಾಳಿ ತಡೆದಿರೆಂದು ಜಗಳ ತೆಗೆಯುತ್ತಾನೆ ಎಂದುಕೊಂಡು ಅವಳು ಸೆರಗು ಸಿಕ್ಕಿಸಿ ಹೊರಬಂದಳು.

“ತಂಗಿ, ನಾಲ್ಕರಿಂದ ನಾಲ್ಕೂವರಿ ತನಕ ಪರದಿ ಮ್ಯಾಲೆತ್ತಿದ್ರ ಪುಣ್ಯ ಬರ್ತದ.”

“ಬಿಸಿಲು ಒಳಗ ಬರೋದು ಆಗೇ ಅಲ್ರೀ ಕಾಕಾ?”

“ಧಾರಾವಾಹಿನೂ ಆಗೇ ಬರ್ತದ. ನಮ್ಮ ಟಿವಿ ಕೆಟ್ಟು ವರ್ಷಾತು, ನಿಮ್ಮ ಕಿಟಕಿಯಾಗೇ ನೋಡ್ತೀವಿ. ಅದರಾಗಿನ ಸೊಸಿ ಬದುಕಿದಳೋ ಇಲ್ಲೋ ತಿಳೀದೆ ನಮ್ಮಾಕಿ ಎರಡು ದಿನದಿಂದ ಊಟ ಬಿಟ್ಟಾಳ.”

ನೀಲಾಂಬಿಕಾ ಎದುರುಮನೆಯ ಕಿಟಕಿಯತ್ತ ನೋಡಿದಳು. “ಅಷ್ಟು ದೂರಕ್ಕ ಮಾತು ಕೇಳಸ್ತಾವೇನ್ರೀ?”

“ಒಂದೂ ಕೇಳ್ಸಂಗಿಲ್ಲ. ಎಲ್ಲಾರ ಮಾತೂ ನಮ್ಮಾಕಿನೇ ದೊಡ್ಡ ದನಿಯಾಗ ಆಡ್ತಾಳ. ಅತ್ತಿದು, ಸೊಸಿದು, ಪೊಲೀಸಂದು.”

ಮರುದಿನ ನಾಲ್ಕಕ್ಕೆ ಅವಳು ಪರದೆ ಮೇಲೆತ್ತಿದಳು. ಉರಿಬಿಸಿಲು ಹಜಾರದೊಳಗೆ ನುಗ್ಗಿತು. ಅವಳು ಕಿಟಕಿ ಪೂರ್ತಿ ತೆರೆದು, ಟಿವಿಯ ಸದ್ದು ಬಂದ್ ಮಾಡಿ, ಎದುರುಮನೆಯತ್ತ ಕಿವಿಗೊಟ್ಟು ಕುಳಿತಳು.