ಆಚೆ ದಡದವರು

“ಮೊದಲ ವರ್ಷ ಹೊಸಬರು ಮಾತಾಡುವುದಿಲ್ಲ ಡಾಕ್ಟರ್, ಕೂತು ಕಲಿಯುತ್ತಾರೆ,” ಎಂದು ಸಾರಿಗೆ ಸಮಿತಿಯ ಅಧ್ಯಕ್ಷ ಟ್ರೆಂಟ್ ಮೆಲ್ಲಗೆ ಹೇಳಿ ಬಸಲಿಂಗಪ್ಪನವರ ಭುಜದ ಮೇಲೆ ಕೈಯಿಟ್ಟರು. “ಇವತ್ತು ಬಜೆಟ್ ಮೇಲಿನ ನಿಮ್ಮ ತಿದ್ದುಪಡಿ ವಾಪಸ್ ತೆಗೆದುಕೊಳ್ಳಿ. ಇನ್ನೆರಡು ವರ್ಷದಲ್ಲಿ ಆ ಸೇತುವೆಯ ದುರಸ್ತಿಯನ್ನು ನಾನೇ ನೋಡಿಕೊಳ್ಳುತ್ತೇನೆ.”

ಅವರು ಸಭಾಂಗಣದೊಳಗೆ ಹೋದ ಮೇಲೆ ಬಸಲಿಂಗಪ್ಪ ಮಗಳ ಕಡೆ ತಿರುಗಿದರು. ಗದಗಿನಿಂದ ಬಂದು ಉತ್ತರ ಕೆರೊಲಿನಾದ ದಕ್ಷಿಣ ತುದಿಯ ಒಂದು ಸಣ್ಣ ಊರಿನಲ್ಲಿ ಇಪ್ಪತ್ತು ವರ್ಷ ವೈದ್ಯರಾಗಿದ್ದವರು, ಹಿಂದಿನ ನವೆಂಬರಿನಲ್ಲಿ ಅಲ್ಲಿಂದಲೇ ರಾಜ್ಯದ ಶಾಸನಸಭೆಗೆ ಗೆದ್ದು ಉತ್ತರಕ್ಕಿರುವ ರಾಜಧಾನಿ ರಾಲೀಗೆ ಬಂದಿದ್ದರು. ಅಪ್ಪನ ಮೊದಲ ಭಾಷಣ ಕೇಳಲೆಂದು ಆರತಿ ಅಟ್ಲಾಂಟಾದ ಲಾ ಸ್ಕೂಲಿಗೆ ರಜೆ ಹಾಕಿ ಡ್ರೈವ್ ಮಾಡಿಕೊಂಡು ಬಂದಿದ್ದಳು.

“ಅಪ್ಪಾ, ಅವರ್ನ ಈಗ್ಲೇ ಯಾಕೆ ಅಪ್‌ಸೆಟ್ ಮಾಡ್ತೀಯ? ಟೂ ಇಯರ್ಸ್ ಅಂದ್ರಲ್ಲ, ವೇಟ್ ಮಾಡು.”

“ವೇಟ್ ಮಾಡೋರು ಯಾರವ್ವಾ? ನಾನೋ, ಹೊಳಿ ಆಚೆ ದಂಡಿಯವರೋ?”

“ಓಕೆ. ಹಾಗಿದ್ರೆ ಸ್ಲೋ ಆಗಿ ಮಾತಾಡು. ನಿನ್ನ ಆಕ್ಸೆಂಟ್ ಅವರಿಗೆ ಅರ್ಥ ಆಗ್ಬೇಕಲ್ಲ.”

“ಇಷ್ಟು ವರ್ಷ ಇದೇ ಬಾಯಿಲೆ ಔಷಧ ಹೇಳೀನಿ. ಯಾರೂ ತಪ್ಪು ನುಂಗಿಲ್ಲ,” ಎಂದು ಬಸಲಿಂಗಪ್ಪ ನಕ್ಕು ಒಳಗೆ ನಡೆದರು. ಆದರೆ ಬಾಗಿಲಲ್ಲಿ ನಿಂತು ಎರಡು ಸಲ ಟೈ ಸರಿಮಾಡಿಕೊಂಡದ್ದನ್ನು ಆರತಿ ನೋಡಿದಳು.

ಮೇಲಿನ ಗ್ಯಾಲರಿಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಚೆ ದಡದ ಚರ್ಚಿನವರು ಬಸ್ಸು ಮಾಡಿಕೊಂಡು ಬರುತ್ತೇವೆಂದಿದ್ದರು, ಅವರ ಸುಳಿವಿರಲಿಲ್ಲ. ಕೆಳಗೆ ಅಪ್ಪ ಎದ್ದು ನಿಂತರು. ಹಿಂದಿನ ವರ್ಷದ ಚಂಡಮಾರುತಕ್ಕೆ ಸೇತುವೆಯ ಕಂಬ ಸರಿದು ಅದನ್ನು ಮುಚ್ಚಿದ್ದು, ಈಗ ಆಚೆಯ ದಕ್ಷಿಣ ದಡದವರು ಹೊಳೆ ದಾಟಲು ಮೇಲಿನ ಕೌಂಟಿಯನ್ನೆಲ್ಲ ಸುತ್ತಿ ಬರಬೇಕಾಗಿರುವುದು, ಎಲ್ಲ ಹೇಳಿದರು. ಯಾರೋ ಪತ್ರಿಕೆ ತಿರುವುತ್ತಿದ್ದರು, ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದರು. ಬಸಲಿಂಗಪ್ಪ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು.

“ನಮ್ಮ ಆಸ್ಪತ್ರೆ ಹೊಳೆಯ ಈಚೆ ದಡದ ಮೇಲೇ ಇದೆ,” ಎಂದರು. “ಚಳಿಗಾಲದಲ್ಲಿ ಒಬ್ಬಳು ಬಸುರಿಯನ್ನು ಕರೆದುಕೊಂಡು ಆ್ಯಂಬುಲೆನ್ಸು ಆಚೆ ದಡದಿಂದ ಹೊರಟಿತು. ಅದರ ಕೆಂಪು ದೀಪ ನನಗೆ ಆಸ್ಪತ್ರೆಯಿಂದಲೇ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಮ್ಮ ಹತ್ತಿರ ಬರುವುದಕ್ಕೆ ಅದು ನಮ್ಮಿಂದ ದೂರ ಹೋಗಬೇಕಿತ್ತು. ದೀಪ ಮರೆಯಾಗುವವರೆಗೂ ನಾನು ನೋಡುತ್ತ ನಿಂತಿದ್ದೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ.”

ಪತ್ರಿಕೆ ತಿರುವುವ ಸದ್ದು ನಿಂತಿತ್ತು. ಅಪ್ಪನ ಉಚ್ಚಾರಣೆಯನ್ನು ಗಮನಿಸುವುದನ್ನು ತಾನು ಯಾವಾಗ ಬಿಟ್ಟೆನೆಂದು ಆರತಿಗೇ ತಿಳಿಯಲಿಲ್ಲ.

ಟ್ರೆಂಟ್ ಎದ್ದರು. ಮಗುವಿನ ವಿಷಯಕ್ಕೆ ದುಃಖ ವ್ಯಕ್ತಪಡಿಸಿದರು, ದನಿಯಲ್ಲಿ ನಟನೆಯಿರಲಿಲ್ಲ. ಆಮೇಲೆ, “ಆದರೆ ರಾಜ್ಯದಲ್ಲಿ ಕೆಟ್ಟ ಸೇತುವೆಗಳು ಬಹಳ ಇವೆ. ಉಳಿದ ಊರಿನವರು ಬಂದು ಈ ಗ್ಯಾಲರಿ ತುಂಬುತ್ತಾರೆ. ಡಾಕ್ಟರ ಜನ ಎಲ್ಲಿ?” ಎಂದು ಮೇಲೆ ನೋಡಿದರು. ಎಲ್ಲರೂ ನೋಡಿದರು. ಖಾಲಿ ಕುರ್ಚಿಗಳ ನಡುವೆ ಆರತಿ ಒಬ್ಬಳೇ ಕೂತಿದ್ದಳು. ಮತ ಹಾಕಿದಾಗ ಗೋಡೆಯ ಫಲಕದಲ್ಲಿ ಹಸಿರಿಗಿಂತ ಕೆಂಪು ದೀಪಗಳೇ ಹೆಚ್ಚಿದ್ದವು. ತಿದ್ದುಪಡಿ ಬಿದ್ದುಹೋಯಿತು.

ಸಭೆ ಬೇರೆ ವಿಷಯಕ್ಕೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಗ್ಯಾಲರಿಯ ಬಾಗಿಲು ತೆರೆಯಿತು. ಭಾನುವಾರ ಚರ್ಚಿಗೆ ಹಾಕುವ ಒಳ್ಳೆಯ ಬಟ್ಟೆ ತೊಟ್ಟ ಕಪ್ಪು ಜನ, ಹೆಚ್ಚಿನವರು ವಯಸ್ಸಾದವರು, ಒಬ್ಬರ ಹಿಂದೊಬ್ಬರು ಬಂದು ಸದ್ದಾಗದಂತೆ ಕೂತರು. ಮುಂದಿದ್ದ ಮುದುಕಿ ಮಿಸೆಸ್ ಪರ್ಡೀ ಆರತಿಯ ಕಡೆ ಬಾಗಿ, “ಡಾಕ್ಟರ್ ಮಾತಾಡುವುದು ಇನ್ನೂ ಇದೆ ತಾನೇ ಮಗು?” ಎಂದು ಪಿಸುಗುಟ್ಟಿದಳು. ಆರತಿ ಅವಳ ಕೈ ಹಿಡಿದುಕೊಂಡಳು.

ಕೆಳಗೆ ಬಸಲಿಂಗಪ್ಪ ಮತ್ತೆ ಎದ್ದು ನಿಂತಿದ್ದರು.

“ಮುಗಿದ ವಿಷಯವನ್ನು ಇವತ್ತು ಮತ್ತೆ ಎತ್ತುವಂತಿಲ್ಲ,” ಎಂದರು ಸಭಾಧ್ಯಕ್ಷರು.

“ಎತ್ತುವುದಿಲ್ಲ ಸರ್. ನನ್ನ ಅತಿಥಿಗಳು ಬಂದಿದ್ದಾರೆ. ಪರಿಚಯ ಮಾಡಿಕೊಡಲು ಅಪ್ಪಣೆ ಬೇಕು.”

ಅದು ಅಲ್ಲಿನ ವಾಡಿಕೆ, ಯಾರೂ ಬೇಡವೆನ್ನುವುದಿಲ್ಲ. ಬಸಲಿಂಗಪ್ಪ ಕತ್ತೆತ್ತಿ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಎಲ್ಲರೂ ಅವರ ರೋಗಿಗಳೇ. ಹೆಸರು ಕೇಳಿದಾಗ ಒಬ್ಬೊಬ್ಬರೂ ಟೋಪಿ ತೆಗೆದು ಎದ್ದು ನಿಂತರು. “ಇವರು ಬೆಳಕು ಹರಿಯುವ ಮೊದಲೇ ಮನೆ ಬಿಟ್ಟವರು,” ಎಂದರು ಕೊನೆಗೆ. “ತಡವಾಗಿದ್ದಕ್ಕೆ ಇವರ ಪರವಾಗಿ ಸಭೆಯ ಕ್ಷಮೆ ಕೇಳುತ್ತೇನೆ.” ಸೇತುವೆಯ ಮಾತೆತ್ತದೆ ಕೂತರು.

ಅತಿಥಿಗಳಿಗೆ ಚಪ್ಪಾಳೆ ತಟ್ಟುವುದೂ ಅಲ್ಲಿನ ವಾಡಿಕೆಯೇ. ಅವತ್ತು ಆ ಚಪ್ಪಾಳೆ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸಭೆ ಮುಗಿದಾಗ ಟ್ರೆಂಟ್ ತಾವಾಗಿ ಮೆಟ್ಟಿಲ ಹತ್ತಿರ ಬಂದು ನಿಂತರು. ಅಷ್ಟರಲ್ಲಿ ಬಸಲಿಂಗಪ್ಪ ತಮ್ಮವರಿಗೆ ಸೋತ ಸುದ್ದಿ ಹೇಳಿ ಮುಗಿಸಿದ್ದರು. ಮಿಸೆಸ್ ಪರ್ಡೀ ಕಂಬಿ ಹಿಡಿದು ಇಳಿದು ಬಂದಾಗ ಟ್ರೆಂಟ್ ಕೈ ಚಾಚಿದರು.

“ಒಂದು ದಿನ ನಾನೇ ನಿಮ್ಮ ಕಡೆ ಬಂದು ನೋಡುತ್ತೇನೆ, ಮೇಡಮ್.”

“ಅಗತ್ಯ ಬನ್ನಿ, ಊಟ ನಮ್ಮಲ್ಲೇ,” ಎಂದಳು ಮುದುಕಿ, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ಬೇಗ ಹೊರಡಿ, ಅಷ್ಟೇ.”